ಅಮ್ಮನಿಗೊಂದು, ಭಾವನಿಗೊಂದು

2025ರ ಮಾರ್ಚ್ 3ರ ಸೋಮವಾರ ಬೆಳಿಗ್ಗೆ ಭಾವನ ಫೋನು ಬಂತು. ಆಸ್ಕರ್ ಸಮಾರಂಭ ಲಾಸ್ ಏಂಜಲೀಸ್‌ನವರಿಗೆ ಭಾನುವಾರ ಸಂಜೆಯಾದರೆ ನಮಗೆ ಸೋಮವಾರದ ನಸುಕು. ಐದೂವರೆಗೆ ಎದ್ದು ಕೂತು ಕೊನೆಯ ಪ್ರಶಸ್ತಿಯವರೆಗೂ ನೋಡಿದ್ದರಿಂದ ಕಣ್ಣು ಉರಿಯುತ್ತಿತ್ತು, ಎರಡನೇ ಕಾಫಿ ಕೈಯಲ್ಲಿತ್ತು. ಭಾವ ತಿಪಟೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ಪೀಠಿಕೆ ಹಾಕುವ ಅಭ್ಯಾಸ ಅವರಿಗಿಲ್ಲ.

“ಅದೇನೋ ಅನೋರಾ ಅಂತೆ, ಐದು ಪ್ರಶಸ್ತಿ ಬಂತಂತೆ. ಶನಿವಾರ ಮೊಮ್ಮಕ್ಕಳು ಬರ್ತಾರೆ. ಎಲ್ಲ ಒಟ್ಟಿಗೆ ಕೂತು ನೋಡೋಣ ಅಂತಿದ್ದೀವಿ. ನೋಡಬಹುದಲ್ವೇನಪ್ಪಾ?”

“ಅಯ್ಯೋ, ಬೇಡ ಭಾವ!” ಎಂದೆ. ದನಿ ತುಸು ಜೋರಾಯಿತೇನೋ, ಆ ಕಡೆ ಒಂದು ಕ್ಷಣ ಸದ್ದೇ ಇಲ್ಲ.

ನಮ್ಮ ಬಳಗದಲ್ಲಿ ಒಬ್ಬರು ಡಾಕ್ಟರಿದ್ದಾರೆ, ಒಬ್ಬರು ವಕೀಲರಿದ್ದಾರೆ. ಸಿನಿಮಾ ಇಲಾಖೆ ನನ್ನದು. ವರ್ಷದ ಉಳಿದ ದಿನಗಳಲ್ಲಿ ಯಾರೂ ಕೇಳದ ಈ ಇಲಾಖೆಗೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಿಡುವಿಲ್ಲ. ಮೊದಲೆಲ್ಲ ಯಾರು ಕೇಳಿದರೂ ಒಂದೇ ಪಟ್ಟಿ ಕಳಿಸುತ್ತಿದ್ದೆ. ಬೈಗುಳ ತಿಂದ ಮೇಲೆ ಬುದ್ಧಿ ಬಂತು. ಈಗ ನಾನೇ ಮೊದಲು ವಿಚಾರಿಸುತ್ತೇನೆ. ಯಾರ ಜೊತೆ ನೋಡುತ್ತೀರಿ? ಊಟಕ್ಕೆ ಮುಂಚೆಯೋ ಆಮೇಲೋ? ಕನ್ನಡಕ ಸರಿಯಾಗಿದೆಯಾ? ಅಳು ಬಂದರೆ ಪರವಾಗಿಲ್ಲವಾ? ಆಸ್ಕರ್ ಕೊಡುವ ಅಕಾಡೆಮಿಯ ಸುಮಾರು ಹತ್ತು ಸಾವಿರ ಮತದಾರರಿಗೆ ಈ ರಗಳೆ ಯಾವುದೂ ಇಲ್ಲ. ಅವರಿಗೆ ನಮ್ಮ ಭಾವ ಗೊತ್ತಿಲ್ಲ.

‘ಅನೋರಾ’ ಕೆಟ್ಟ ಸಿನಿಮಾ ಎಂದಲ್ಲ. ಆ ವರ್ಷ ನಾನು ಎರಡು ಸಲ ನೋಡಿದ ಕೆಲವೇ ಚಿತ್ರಗಳಲ್ಲಿ ಅದೂ ಒಂದು. ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಬಟ್ಟೆ ಕಳಚಿ ಕುಣಿದು ಹೊಟ್ಟೆ ಹೊರೆಯುವ ಹುಡುಗಿ, ರಷ್ಯಾದ ಕುಬೇರನೊಬ್ಬನ ಮಗನನ್ನು ಲಾಸ್ ವೇಗಸ್‌ನಲ್ಲಿ ಮದುವೆಯಾಗಿಬಿಡುತ್ತಾಳೆ. ಸುದ್ದಿ ತಿಳಿದ ಹುಡುಗನ ಅಪ್ಪ ಅಮ್ಮ ಮದುವೆ ಮುರಿಯಲು ಆಳುಗಳನ್ನು ಅಟ್ಟುತ್ತಾರೆ. ಇಲ್ಲಿಂದ ಮುಂದೆ ಬೇರೆ ನಿರ್ದೇಶಕರಾದರೆ ಬಂದೂಕು ತೆಗೆಯುತ್ತಿದ್ದರು. ಶಾನ್ ಬೇಕರ್ ಮಾಡಿರುವುದು ಒಂದು ಜಗಳ. ಹುಡುಗ ಪರಾರಿಯಾದ ಮೇಲೆ ಆ ಭಾರೀ ಬಂಗಲೆಯ ಹಾಲಿನಲ್ಲಿ ಆ ಹುಡುಗಿಯೂ ಮೂವರು ಗಂಡಸರೂ ಕಿತ್ತಾಡುವ ದೃಶ್ಯ ಮುಗಿಯುವುದೇ ಇಲ್ಲ. ಕಚ್ಚುತ್ತಾಳೆ, ಒದೆಯುತ್ತಾಳೆ, ಒಬ್ಬನ ಮೂಗು ಒಡೆಯುತ್ತಾಳೆ. ನಗು ತಡೆಯಲಾಗುವುದಿಲ್ಲ, ನಕ್ಕಿದ್ದಕ್ಕೆ ಆಮೇಲೆ ನಾಚಿಕೆಯಾಗುತ್ತದೆ. ಆ ಮೂವರಲ್ಲಿ ಹೆಚ್ಚು ಮಾತಾಡದೆ ಅವಳನ್ನೇ ನೋಡುತ್ತ ನಿಲ್ಲುವ ಇಗೋರ್ ಎಂಬವನಿದ್ದಾನೆ. ಯೂರಾ ಬೋರಿಸೋವ್ ಆ ಪಾತ್ರ ಮಾಡಿದ್ದಾರೆ. ಎರಡನೇ ಸಲ ನೋಡುವಾಗ ಅವನೊಬ್ಬನ ಮೇಲೆ ಕಣ್ಣಿಡಿ. ಕೊನೆಗೆ ಹಿಮ ಬೀಳುತ್ತಿರುವಾಗ, ಕಾರಿನೊಳಗೆ, ವೈಪರ್‌ ಸದ್ದಿನ ಜೊತೆ ನಡೆಯುವ ದೃಶ್ಯಕ್ಕೆ ಆಗ ಬೇರೆಯೇ ತೂಕ ಬರುತ್ತದೆ.

60 ಲಕ್ಷ ಡಾಲರಿನಲ್ಲಿ ತೆಗೆದ ಚಿತ್ರವಿದು. ಹಾಲಿವುಡ್ಡಿನ ಲೆಕ್ಕದಲ್ಲಿ ಚಿಲ್ಲರೆ ಕಾಸು. ಇದೇ ಬೇಕರ್ 2015ರಲ್ಲಿ ‘ಟ್ಯಾಂಜರೀನ್’ ಚಿತ್ರವನ್ನು ಐಫೋನಿನಲ್ಲಿ ಚಿತ್ರೀಕರಿಸಿದ್ದರು. ‘ಅನೋರಾ’ಗೆ ನಿರ್ಮಾಣ, ನಿರ್ದೇಶನ, ಚಿತ್ರಕಥೆ, ಸಂಕಲನ ನಾಲ್ಕೂ ಅವರದೇ ಆದ್ದರಿಂದ ಒಂದೇ ಚಿತ್ರಕ್ಕೆ ಒಂದೇ ರಾತ್ರಿ ನಾಲ್ಕು ಆಸ್ಕರ್ ಎತ್ತಿಕೊಂಡು ಹೋದರು. ಹಾಗೆ ಮಾಡಿದವರು ಅವರಿಗಿಂತ ಮುಂಚೆ ಯಾರೂ ಇಲ್ಲ. ವಾಲ್ಟ್ ಡಿಸ್ನಿ ಒಂದು ವರ್ಷ ನಾಲ್ಕು ಗೆದ್ದಿದ್ದರು, ಆದರೆ ಬೇರೆ ಬೇರೆ ಚಿತ್ರಗಳಿಗೆ. ಇಷ್ಟೆಲ್ಲ ಹೇಳಿ ಭಾವನಿಗೆ, “ನೀವು ಒಬ್ಬರೇ ಇದ್ದಾಗ ನೋಡಿ, ಅಕ್ಕನೂ ನೋಡಬಹುದು. ಮೊಮ್ಮಕ್ಕಳು ಊರಿಗೆ ಹೋದ ಮೇಲೆ,” ಎಂದೆ.

“ಮತ್ತೆ ಇದಕ್ಕೆ ಹೆಂಗೆ ಕೊಟ್ರು ಮೊದಲ ಬಹುಮಾನ?”

ಇದಕ್ಕೆ ಉತ್ತರ ಭಾವನಿಗೆ ಬೇರೆ ಯಾರಿಗಿಂತ ಬೇಗ ಅರ್ಥವಾಯಿತು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಚುನಾವಣೆಯಲ್ಲಿ ಅವರು ಸರ್ವಿಸು ಪೂರ್ತಿ ಮತ ಹಾಕಿದವರು, ಎರಡು ಸಲ ಒಬ್ಬರ ಪರವಾಗಿ ಊರೂರು ತಿರುಗಿದವರು. ಆಸ್ಕರಿನ ಅತ್ಯುತ್ತಮ ಚಿತ್ರದ ಆಯ್ಕೆ ಅದೇ ಪ್ರಾಶಸ್ತ್ಯದ ಮತದ ಲೆಕ್ಕ. ಕಣದಲ್ಲಿ ಹತ್ತು ಚಿತ್ರ. ಮತದಾರ ಒಂದರಿಂದ ಹತ್ತರವರೆಗೆ ಅಂಕಿ ಹಾಕಬೇಕು. ಮೊದಲ ಪ್ರಾಶಸ್ತ್ಯದ ಮತದಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರದಿದ್ದರೆ ಎಲ್ಲಕ್ಕಿಂತ ಕಡಿಮೆ ಮತ ಬಂದ ಚಿತ್ರವನ್ನು ಕಣದಿಂದ ತೆಗೆದು, ಅದರ ಮತಪತ್ರಗಳನ್ನು ಎರಡನೇ ಪ್ರಾಶಸ್ತ್ಯದ ಪ್ರಕಾರ ಹಂಚುತ್ತಾರೆ. ಅರ್ಧ ದಾಟುವವರೆಗೂ ಸುತ್ತಿನ ಮೇಲೆ ಸುತ್ತು. ಹೀಗಾಗಿ ಕೆಲವರು ತಲೆಯ ಮೇಲೆ ಹೊತ್ತು ಕೆಲವರು ಉಗಿಯುವ ಚಿತ್ರ ಸೋಲುವುದೇ ಹೆಚ್ಚು. ಬಹಳ ಮಂದಿ ‘ಇದೂ ಚೆನ್ನಾಗಿದೆಯಪ್ಪ’ ಎಂದು ಎರಡನೆಯದೋ ಮೂರನೆಯದೋ ಸ್ಥಾನ ಕೊಟ್ಟ ಚಿತ್ರಕ್ಕೆ ದಾರಿ ಸಲೀಸು. ಉಳಿದ ವಿಭಾಗಗಳಲ್ಲಿ ಈ ಕಸರತ್ತಿಲ್ಲ, ಹೆಚ್ಚು ಮತ ಬಿದ್ದವರು ಗೆದ್ದರು.

ಭಾವ ಕೇಳಿದ ಮುಂದಿನ ಪ್ರಶ್ನೆ ಮೇಷ್ಟ್ರದ್ದು: “ಹತ್ತೂ ನೋಡಿರಲೇಬೇಕಲ್ಲ ಅವರು?” ತಮಾಷೆಯೆಂದರೆ, ಅಂಥ ಕಟ್ಟುನಿಟ್ಟು ಇರಲಿಲ್ಲ. ಒಂದು ವಿಭಾಗದ ಅಂತಿಮ ಸುತ್ತಿನಲ್ಲಿ ಮತ ಹಾಕಬೇಕಾದರೆ ಆ ವಿಭಾಗದಲ್ಲಿ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ನೋಡಿರಬೇಕು ಎಂಬ ನಿಯಮವನ್ನು ಅಕಾಡೆಮಿ ಎಲ್ಲ ವಿಭಾಗಗಳಿಗೂ ತಂದಿದ್ದು 2025ರ ಏಪ್ರಿಲ್‌ನಲ್ಲಿ. 97 ಸಮಾರಂಭ ಮುಗಿದ ಮೇಲೆ! ಉತ್ತರಪತ್ರಿಕೆ ಓದದೆ ಅಂಕ ಹಾಕಿದ ಮೇಷ್ಟ್ರನ್ನು ಅಮಾನತು ಮಾಡುತ್ತಾರೆ ಎಂದು ಭಾವ ಗೊಣಗಿದರು.

ಈ ಲೆಕ್ಕಾಚಾರದಲ್ಲಿ ಬಿದ್ದುಹೋದದ್ದು ‘ಎಮಿಲಿಯಾ ಪೆರೆಜ್’. 13 ನಾಮನಿರ್ದೇಶನ, ಇಂಗ್ಲಿಷೇತರ ಚಿತ್ರವೊಂದಕ್ಕೆ ಅಲ್ಲಿಯವರೆಗೆ ಸಿಕ್ಕದಷ್ಟು; ಕೊನೆಗೆ ದಕ್ಕಿದ್ದು ಎರಡು. ಮೆಕ್ಸಿಕೋದ ಕಥೆ, ಫ್ರಾನ್ಸಿನ ನಿರ್ದೇಶಕ, ಚಿತ್ರೀಕರಣ ಬಹುಪಾಲು ಪ್ಯಾರಿಸ್ ಬಳಿಯ ಸ್ಟುಡಿಯೋದಲ್ಲಿ. ಅದರ ಸ್ಪ್ಯಾನಿಷ್ ಕೇಳಿ ಮೆಕ್ಸಿಕೋದವರು ನಕ್ಕರು, ಆಮೇಲೆ ರೇಗಿದರು. ತುಟಿಗೂ ಮಾತಿಗೂ ಸಂಬಂಧವೇ ಇಲ್ಲದ ಎಷ್ಟೋ ನಾಯಕಿಯರ ಕನ್ನಡ ಸಹಿಸಿಕೊಂಡ ನಮಗೆ ಅವರ ಸಂಕಟ ಗೊತ್ತಾಗುತ್ತದೆ. ನಾಯಕಿ ಕಾರ್ಲಾ ಸೋಫಿಯಾ ಗಾಸ್ಕೋನ್ ಅವರ ಹಳೆಯ ಟ್ವೀಟುಗಳು ಹೊರಬಿದ್ದು ವಿವಾದವಾದ ಮೇಲಂತೂ ಅವರ ಪ್ರಚಾರವೇ ನಿಂತಿತು. ನಟಿ ಜೋಯಿ ಸಲ್ಡಾನಾಗೋಸ್ಕರ ಬೇಕಾದರೆ ನೋಡಿ. ನಾನು ಯಾರಿಗೂ ಹೇಳಿಲ್ಲ.

ನಮ್ಮ ಪತ್ರಿಕೆಗಳ ತಲೆಬರಹದ ಬಗ್ಗೆ ಒಂದು ಮಾತು. ‘ಆಸ್ಕರ್ ಅಂಗಳಕ್ಕೆ ಕನ್ನಡ ಚಿತ್ರ’ ಎಂದು ಓದಿದರೆ ಎದೆ ಉಬ್ಬುತ್ತದೆ, ಸರಿ. 2023ರ ಜನವರಿಯಲ್ಲಿ ‘ಕಾಂತಾರ’, ‘ವಿಕ್ರಾಂತ್ ರೋಣ’ ಎರಡರ ಹೆಸರೂ ಅಕಾಡೆಮಿಯ ಒಂದು ಪಟ್ಟಿಯಲ್ಲಿ ಬಂದವು. ಆ ಪಟ್ಟಿಯಲ್ಲಿ ಇದ್ದದ್ದು 301 ಚಿತ್ರ. ಅದು ಅರ್ಹರ ಪಟ್ಟಿ, ಮತದಾರರ ಪಟ್ಟಿಯಲ್ಲಿ ಹೆಸರಿದ್ದಂತೆ. ಅಮೆರಿಕದ ನಿಗದಿತ ಮಹಾನಗರಗಳಲ್ಲಿ ಒಂದರಲ್ಲಿ ಸತತ ಏಳು ದಿನ ಚಿತ್ರಮಂದಿರದಲ್ಲಿ ಓಡಿ, ಅರ್ಜಿ ತುಂಬಿದರೆ ಹೆಸರು ಸೇರುತ್ತದೆ. 2025ರ ಸಮಾರಂಭಕ್ಕೆ ಅಂಥ ಪಟ್ಟಿಯಲ್ಲಿ 323 ಚಿತ್ರಗಳಿದ್ದವು, ಅತ್ಯುತ್ತಮ ಚಿತ್ರದ ಷರತ್ತುಗಳನ್ನೆಲ್ಲ ಪೂರೈಸಿದ್ದವು 207. ಶಾರ್ಟ್‌ಲಿಸ್ಟ್ ಎಂಬುದು ಬೇರೆ, ಕೆಲವೇ ವಿಭಾಗಗಳಿಗಿದೆ, ಅಂತಾರಾಷ್ಟ್ರೀಯ ಚಿತ್ರವಾದರೆ 15. ನಾಮನಿರ್ದೇಶನ ಅದರಾಚೆ. ಭಾರತ ಕಳಿಸಿದ ಚಿತ್ರಗಳಲ್ಲಿ ಅಲ್ಲಿಯವರೆಗೆ ಹೋದವು ‘ಮದರ್ ಇಂಡಿಯಾ’, ‘ಸಲಾಂ ಬಾಂಬೆ’, ‘ಲಗಾನ್’ ಮೂರೇ.

ನಾಲ್ಕನೆಯದಾಗಬಹುದಿದ್ದ ಒಂದನ್ನು ನಾವೇ ಕಳಿಸಲಿಲ್ಲ ಎಂಬ ಹೊಟ್ಟೆಯುರಿ ನನಗೆ ಇನ್ನೂ ಇದೆ. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ 2024ರ ಕಾನ್ ಉತ್ಸವದ ಮುಖ್ಯ ಸ್ಪರ್ಧೆಗೆ ಹೋಯಿತು. 1994ರಲ್ಲಿ ಶಾಜಿ ಕರುಣ್ ಅವರ ‘ಸ್ವಹಂ’ ಹೋದ ಮೇಲೆ 30 ವರ್ಷ ಭಾರತದ ಚಿತ್ರ ಅಲ್ಲಿ ಕಾಲಿಟ್ಟಿರಲಿಲ್ಲ. ಹೋದದ್ದಷ್ಟೇ ಅಲ್ಲ, ಎರಡನೇ ಅತಿದೊಡ್ಡ ಗೌರವವಾದ ಗ್ರಾಂಡ್ ಪ್ರಿ ತಂದಿತು. ಆದರೆ ಭಾರತದ ಪರವಾಗಿ ಆಸ್ಕರಿಗೆ ಫಿಲಂ ಫೆಡರೇಷನ್ ಆರಿಸಿದ್ದು ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’. ಅದು ಶಾರ್ಟ್‌ಲಿಸ್ಟನ್ನೂ ಮುಟ್ಟಲಿಲ್ಲ. ಕಪಾಡಿಯಾ ಚಿತ್ರಕ್ಕೆ ಫ್ರೆಂಚ್ ನಿರ್ಮಾಪಕರೂ ಇದ್ದದ್ದರಿಂದ ಫ್ರಾನ್ಸ್ ಕೂಡ ಅದನ್ನು ಪರಿಗಣಿಸಿ, ಕೊನೆಗೆ ಆರಿಸಿದ್ದು ಅದೇ ‘ಎಮಿಲಿಯಾ ಪೆರೆಜ್’ ಅನ್ನು. ಇನ್ನೊಂದು ಕಡೆ, ಸಂಧ್ಯಾ ಸೂರಿ ಅವರ ಹಿಂದಿ ಚಿತ್ರ ‘ಸಂತೋಷ್’ ಬ್ರಿಟನ್ನಿನ ಪರವಾಗಿ ಹೋಗಿ ಶಾರ್ಟ್‌ಲಿಸ್ಟ್ ಸೇರಿತು. ಗಂಡ ಸತ್ತ ಮೇಲೆ ಅನುಕಂಪದ ಆಧಾರದಲ್ಲಿ ಅವನ ಪೊಲೀಸ್ ಕೆಲಸಕ್ಕೆ ಸೇರುವ ಹೆಂಗಸಿನ ಕಥೆ ಅದು. ಸೆನ್ಸಾರ್ ಮಂಡಳಿ ಕೇಳಿದಷ್ಟು ಕತ್ತರಿಗೆ ಚಿತ್ರತಂಡ ಒಪ್ಪದೆ, ನಮ್ಮ ಚಿತ್ರಮಂದಿರಗಳಿಗೆ ಅದು ಬರಲೇ ಇಲ್ಲ.

ಕಪಾಡಿಯಾ ಚಿತ್ರವನ್ನು ನಾನು ಹೇಳುವುದು ಊರು ಬಿಟ್ಟು ಬಂದು ಪಿ.ಜಿ.ಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಇರುವ ಹೆಣ್ಣುಮಕ್ಕಳಿಗೆ. ನಮ್ಮ ಚಿಕ್ಕಪ್ಪನ ಮಗಳು ಬೆಂಗಳೂರಿನಲ್ಲಿ ನರ್ಸು. ಅವಳಿಗೆ ಮುಂಬೈಯ ಮಲಯಾಳಿ ನರ್ಸುಗಳ ಕಥೆ ಎಂದಷ್ಟೇ ಹೇಳಿ ಕಳಿಸಿದೆ. ಅವರಲ್ಲೊಬ್ಬಳು ಪ್ರಭಾ, ಜರ್ಮನಿಗೆ ಹೋದ ಅವಳ ಗಂಡ ಮಾತು ಬಿಟ್ಟು ಎಷ್ಟೋ ಕಾಲವಾಗಿದೆ. ಒಂದು ದಿನ ಪತ್ರವಿಲ್ಲದೆ, ಹೆಸರಿಲ್ಲದೆ ಒಂದು ಕೆಂಪು ರೈಸ್ ಕುಕ್ಕರ್ ಬರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಪ್ರಭಾ ಅಡುಗೆಮನೆಯ ನೆಲದ ಮೇಲೆ ಕೂತು ಆ ಕುಕ್ಕರನ್ನು ತಬ್ಬಿಕೊಳ್ಳುತ್ತಾಳೆ. ಕನಿ ಕುಸೃತಿ ಆ ಒಂದು ಗಳಿಗೆಯಲ್ಲಿ ಮಾಡಿದ್ದನ್ನು ಐದು ಪುಟ ಸಂಭಾಷಣೆ ಮಾಡಲಾರದು. ತಂಗಿ ರಾತ್ರಿ ಪಾಳಿ ಮುಗಿಸಿ ಮೆಸೇಜು ಹಾಕಿದ್ದಳು: “ಮಳೆ ಬಂದಾಗ ಬಟ್ಟೆ ಒಣಗೋದೇ ಇಲ್ಲ ಅನ್ನೋದನ್ನೂ ಬಿಟ್ಟಿಲ್ಲ.” ಅದಕ್ಕಿಂತ ಒಳ್ಳೆ ವಿಮರ್ಶೆ ನಾನು ಎಲ್ಲೂ ಓದಲಿಲ್ಲ.

‘ದ ಬ್ರೂಟಲಿಸ್ಟ್’ ವಿಷಯಕ್ಕೆ ಬಂದರೆ ನನಗೆ ಮೊದಲು ನೆನಪಾಗುವುದು ಇಂಟರ್‌ವಲ್. ಮೂರೂವರೆ ಗಂಟೆಯ ಚಿತ್ರ, ನಡುವೆ 15 ನಿಮಿಷದ ವಿರಾಮ, ಪರದೆಯ ಮೇಲೆ ಒಂದು ಹಳೆಯ ಮದುವೆ ಫೋಟೋ, ಅದರ ಜೊತೆ ಇಳಿಯುತ್ತ ಹೋಗುವ ಗಡಿಯಾರ. ಅಮೆರಿಕದ ಪತ್ರಿಕೆಗಳಿಗೆ ಇದೊಂದು ಅದ್ಭುತ ಪ್ರಯೋಗವಾಗಿ ಕಂಡಿತು! ಒಂದೂವರೆ ಗಂಟೆಯ ಇಂಗ್ಲಿಷ್ ಚಿತ್ರವನ್ನೂ ನಾಯಕ ಬಾಯಿ ತೆರೆದಾಗಲೇ ಕಡಿದು ಪಾಪ್‌ಕಾರ್ನಿಗೆ ಕಳಿಸುವ ನಮ್ಮ ಥಿಯೇಟರುಗಳಿಗೆ, ನಿರ್ದೇಶಕನೇ ಯೋಚಿಸಿ ಇಟ್ಟ ವಿರಾಮ ಹೇಗಿರುತ್ತದೆ ಎಂಬುದಕ್ಕೆ ಇದು ಪಾಠವಾಗಬೇಕು. ಯುದ್ಧ ಮುಗಿದ ಮೇಲೆ ಹಂಗೆರಿಯಿಂದ ಅಮೆರಿಕಕ್ಕೆ ಬರುವ ಯಹೂದಿ ವಾಸ್ತುಶಿಲ್ಪಿ. ಅವನ ಪ್ರತಿಭೆಯನ್ನು ಕೊಂಡುಕೊಂಡೆ ಎಂದುಕೊಂಡಿರುವ ಸಾಹುಕಾರ. ವಾಸ್ತುಶಿಲ್ಪಿಯ ಹಡಗು ನ್ಯೂಯಾರ್ಕ್ ಮುಟ್ಟಿದಾಗ ಸ್ವಾತಂತ್ರ್ಯ ದೇವಿಯ ಪ್ರತಿಮೆ ತಲೆಕೆಳಗಾಗಿ ಕಾಣುತ್ತದೆ. ಫಿಲಂ ಅಡ್ಡಡ್ಡ ಓಡುವ ವಿಸ್ಟಾವಿಷನ್ ಎಂಬ 1950ರ ದಶಕದ ಕ್ಯಾಮೆರಾ ಪದ್ಧತಿಯನ್ನು ಮತ್ತೆ ಹೊರತೆಗೆದು, ಇಟಲಿಯ ಕರಾರಾ ಅಮೃತಶಿಲೆಯ ಗಣಿಗಳವರೆಗೆ ಹೋಗಿ ತೆಗೆದಿದ್ದಾರೆ. ಖರ್ಚು ಒಂದು ಕೋಟಿ ಡಾಲರಿಗೂ ಕಡಿಮೆ. ವಾಸ್ತುಶಿಲ್ಪಿಯ ಪಾತ್ರ ಮಾಡಿದ ಎಡ್ರಿಯನ್ ಬ್ರೋಡಿಗೆ ‘ದ ಪಿಯಾನಿಸ್ಟ್’ ಆದಮೇಲೆ ಎರಡನೇ ಆಸ್ಕರ್ ಬಂತು; ವಂದನಾರ್ಪಣೆ ಭಾಷಣವೂ ಸಿನಿಮಾದಷ್ಟೇ ಉದ್ದ. ಇಂಟರ್‌ವಲ್‌ವರೆಗಿನ ಅರ್ಧ ನನಗೆ ದೊಡ್ಡ ಚಿತ್ರ. ಆಮೇಲಿನದು ಹೇಳಬೇಕಾದ್ದನ್ನು ಗೋಡೆಗೆ ಬರೆದು ಅಂಟಿಸುತ್ತದೆ. ದೊಡ್ಡ ಪರದೆಯಲ್ಲಿ ಸಿಕ್ಕರೆ ಬಿಡಬೇಡಿ. ಫೋನಿನಲ್ಲಿ ನೋಡುವುದಾದರೆ ನೋಡಲೇಬೇಡಿ.

ಅಕ್ಕನಿಗೆ ಹೇಳಿದ್ದು ‘ಐ ಆ್ಯಮ್ ಸ್ಟಿಲ್ ಹಿಯರ್’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬ್ರೆಜಿಲ್ಲಿಗೆ ಸಿಕ್ಕ ಮೊದಲ ಅಂತಾರಾಷ್ಟ್ರೀಯ ಚಿತ್ರ ಆಸ್ಕರ್ ಇದು, ನಿರ್ದೇಶನ ವಾಲ್ಟರ್ ಸಾಲೆಸ್. ರಿಯೋದ ಕಡಲ ದಂಡೆಯಲ್ಲಿ ಒಂದು ಮನೆ, ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ಐದು ಮಕ್ಕಳು, ಅವರ ಗೆಳೆಯರು, ಒಂದು ಬೀದಿನಾಯಿ, ಗ್ರಾಮಫೋನು. 1971ರ ಜನವರಿಯಲ್ಲಿ ಸೈನಿಕ ಸರ್ಕಾರದವರು ಬಂದು ಮನೆಯ ಯಜಮಾನ, ಮಾಜಿ ಸಂಸದ ರೂಬೆನ್ಸ್ ಪಾಯ್ವಾ ಅವರನ್ನು ‘ಸ್ವಲ್ಪ ವಿಚಾರಣೆ ಇದೆ’ ಎಂದು ಕರೆದುಕೊಂಡು ಹೋಗುತ್ತಾರೆ. ಅವರು ಮತ್ತೆ ಬರಲಿಲ್ಲ. ಹೆಂಡತಿ ಯೂನಿಸ್ ಕೂಡ ದಿನಗಟ್ಟಲೆ ಬಂಧನದಲ್ಲಿದ್ದು ಬಂದರು. ಮಧ್ಯವಯಸ್ಸಿನಲ್ಲಿ ಕಾನೂನು ಓದಿ ವಕೀಲರಾದರು. ಗಂಡ ಸತ್ತಿದ್ದಾನೆ ಎಂದು ಸರ್ಕಾರದಿಂದ ಒಂದು ಪ್ರಮಾಣಪತ್ರ ಪಡೆಯುವುದಕ್ಕೆ 1996 ಬರಬೇಕಾಯಿತು. ಇದು ನಡೆದ ಕಥೆ, ಅವರ ಮಗ ಮಾರ್ಸೆಲೋ ಬರೆದ ಪುಸ್ತಕದಿಂದ ಬಂದದ್ದು.

ಇಂಥ ಕಥೆ ಸಿಕ್ಕರೆ ನಟಿಯರು ಅತ್ತು ಪ್ರಶಸ್ತಿ ತೆಗೆದುಕೊಳ್ಳುತ್ತಾರೆ. ಯೂನಿಸ್ ಪಾತ್ರದ ಫರ್ನಾಂಡಾ ಟೊರೆಸ್ ಅಳುವುದಿಲ್ಲ. ಪತ್ರಿಕೆಯವರು ಫೋಟೋಕ್ಕೆ ದುಃಖದ ಮುಖ ಮಾಡಿಕೊಳ್ಳಿ ಎಂದಾಗ, ಮಕ್ಕಳ ಜೊತೆ ಬೇಕೆಂದೇ ನಗುತ್ತಾರೆ. ಅಕ್ಕ ಮನೆ ನಡೆಸುವವಳು. ರೇಷನ್ ಕಾರ್ಡಿನಿಂದ ಖಾತೆ ಬದಲಾವಣೆಯವರೆಗೆ ಕಾಗದಪತ್ರವೆಲ್ಲ ಅವಳ ಕೈಯಲ್ಲೇ ಓಡಾಡುವುದು. ಅವಳಿಗೆ ನಾಟಿದ್ದು ಬ್ಯಾಂಕಿನ ದೃಶ್ಯ. ಗಂಡನ ಸಹಿ ಇಲ್ಲದೆ ದುಡ್ಡು ತೆಗೆಯಲಾಗದು, ಗಂಡನನ್ನು ಹಿಡಿದುಕೊಂಡು ಹೋಗಿದ್ದೇವೆಂದು ಸರ್ಕಾರ ಒಪ್ಪುವುದಿಲ್ಲ. “ಅವಳು ಕೌಂಟರಿನ ಮುಂದೆ ಪರ್ಸು ಮುಚ್ಕೊಂಡಳಲ್ಲ, ಅಲ್ಲೇ ನಂಗೆ ಹೊಟ್ಟೆ ಕಿವುಚಿದ ಹಾಗಾಯ್ತು,” ಎಂದಳು. ಮುದಿ ಯೂನಿಸ್ ಆಗಿ ಕೊನೆಯಲ್ಲಿ ಮಾತಿಲ್ಲದೆ ಕಾಣಿಸಿಕೊಳ್ಳುವವರು ಟೊರೆಸ್ ಅವರ ಹೆತ್ತ ತಾಯಿ ಫರ್ನಾಂಡಾ ಮೊಂಟೆನೆಗ್ರೊ. ಇದೇ ಸಾಲೆಸ್ ಅವರ ‘ಸೆಂಟ್ರಲ್ ಸ್ಟೇಷನ್’ ಚಿತ್ರಕ್ಕೆ ತಾಯಿ 1999ರಲ್ಲಿ ಅತ್ಯುತ್ತಮ ನಟಿ ವಿಭಾಗದಲ್ಲಿ ನಾಮನಿರ್ದೇಶನಗೊಂಡು ‘ಶೇಕ್ಸ್‌ಪಿಯರ್ ಇನ್ ಲವ್’ನ ಗ್ವಿನೆತ್ ಪಾಲ್ಟ್ರೊ ಎದುರು ಸೋತಿದ್ದರು. 26 ವರ್ಷದ ಮೇಲೆ ಮಗಳು ಅದೇ ವಿಭಾಗದಲ್ಲಿ ‘ಅನೋರಾ’ದ ಮೈಕಿ ಮ್ಯಾಡಿಸನ್ ಎದುರು ಸೋತರು. ಮ್ಯಾಡಿಸನ್ ಚೆನ್ನಾಗಿಯೇ ಮಾಡಿದ್ದಾರೆ. ಆದರೂ ಅಂದು ಬೆಳಿಗ್ಗೆ ನಾನು ಟಿವಿಯನ್ನು ಬೈದದ್ದು ಹೌದು.

ಚಿತ್ರ ನೋಡಿ ಬಂದ ರಾತ್ರಿ ನನಗೆ ನೆನಪಾದವರು ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ದ ಚಂದ್ರಿ. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ತಂದ ಚಿತ್ರದ ನಟಿ, ತುರ್ತು ಪರಿಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿದ್ದರು. ಆಸ್ತಮಾ ಉಲ್ಬಣಿಸಿದ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅವರ ಬಗ್ಗೆ ಕನ್ನಡದಲ್ಲಿ ಇಂಥದೊಂದು ಚಿತ್ರ ಯಾಕೆ ಬಂದಿಲ್ಲ ಎಂದು ಅಕ್ಕ ಕೇಳಿದಳು. ಸಿನಿಮಾ ಇಲಾಖೆಯ ಬಳಿ ಉತ್ತರವಿರಲಿಲ್ಲ.

ಭಾವನಿಗೆ ಕೊನೆಗೆ ಸರಿಹೊಂದಿದ್ದು ‘ಕಾನ್‌ಕ್ಲೇವ್’. ಪೋಪ್ ತೀರಿಕೊಂಡಿದ್ದಾರೆ, ಕಾರ್ಡಿನಲ್‌ಗಳು ಒಳಗೆ ಸೇರಿ ಬಾಗಿಲು ಹಾಕಿಕೊಂಡು ಹೊಸಬರನ್ನು ಆರಿಸಬೇಕು, ಮೂರನೇ ಎರಡರಷ್ಟು ಬಹುಮತ ಬರುವವರೆಗೆ ಸುತ್ತಿನ ಮೇಲೆ ಸುತ್ತು ಮತದಾನ. ಊಟದ ಹಾಲಿನಲ್ಲಿ ಪಿಸುಮಾತು, ಮೆಟ್ಟಿಲ ಮೇಲೆ ಲೆಕ್ಕ, ಯಾರ ಮತ ಯಾರಿಗೆ ಒಡೆಯಿತು ಎಂಬ ಆತಂಕ. ಸಿಸ್ಟೀನ್ ಚಾಪೆಲ್ಲಿನಲ್ಲಿ ಚಿತ್ರೀಕರಣಕ್ಕೆ ಬಿಡುವುದಿಲ್ಲವಾದ್ದರಿಂದ ರೋಮಿನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಅದನ್ನೇ ಕಟ್ಟಿದರು. ಇದಕ್ಕೆ ಬಂದದ್ದು ಒಂದೇ ಆಸ್ಕರ್, ರಾಬರ್ಟ್ ಹ್ಯಾರಿಸ್ ಕಾದಂಬರಿಯಿಂದ ಮಾಡಿದ ಚಿತ್ರಕಥೆಗೆ. ಕೊನೆಯ ತಿರುವು ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಭಾವ ಮೂರನೇ ಸುತ್ತಿನಲ್ಲೇ ಚಿತ್ರ ನಿಲ್ಲಿಸಿ ಅಕ್ಕನಿಗೆ ವಿವರಣೆ ಕೊಟ್ಟರಂತೆ. 2025ರ ಏಪ್ರಿಲ್ 21ಕ್ಕೆ ನಿಜವಾಗಿಯೂ ಪೋಪ್ ಫ್ರಾನ್ಸಿಸ್ ತೀರಿಕೊಂಡು, ಮೇ 7ಕ್ಕೆ 133 ಕಾರ್ಡಿನಲ್‌ಗಳು ಒಳಗೆ ಹೋದಾಗ ಭಾವ ತಿಪಟೂರಿನ ತಮ್ಮ ವಾಕಿಂಗ್ ಗೆಳೆಯರ ನಡುವೆ ವ್ಯಾಟಿಕನ್ ತಜ್ಞರಾಗಿದ್ದರು. ಮರುದಿನ ನಾಲ್ಕನೇ ಸುತ್ತಿಗೆ ಬಿಳಿ ಹೊಗೆ ಬಂದದ್ದೇ ಫೋನು: “ನಾ ಹೇಳಿದ್ನಲ್ಲಪ್ಪ, ಬೇಗ ಮುಗಿಯತ್ತೆ ಅಂತ!”

ಮತ್ತೆ ಅದೇ ಕಾಲ ಬಂತು. 2025ರ ಡಿಸೆಂಬರ್ 16ಕ್ಕೆ ಶಾರ್ಟ್‌ಲಿಸ್ಟ್, 2026ರ ಜನವರಿ 22ಕ್ಕೆ ನಾಮನಿರ್ದೇಶನ, ಮಾರ್ಚ್ 15ಕ್ಕೆ ಸಮಾರಂಭ. ದೊಡ್ಡ ಕುದುರೆಗಳ ಬಗ್ಗೆ ನಾನು ಹೇಳುವುದು ಏನೂ ಇಲ್ಲ. ‘ಒನ್ ಬ್ಯಾಟಲ್ ಆಫ್ಟರ್ ಅನದರ್’, ‘ಸಿನ್ನರ್ಸ್’ ಹೆಸರುಗಳು ನಿಮ್ಮ ಕಿವಿಗೆ ಆಗಲೇ ಬಿದ್ದಿರುತ್ತವೆ. ಎರಡನೆಯದು 1932ರ ಮಿಸಿಸಿಪ್ಪಿಯಲ್ಲಿ ರಕ್ತಪಿಶಾಚಿಗಳ ಕಥೆಯ ವೇಷದಲ್ಲಿ ಬ್ಲೂಸ್ ಸಂಗೀತದ ಕಥೆ ಹೇಳುತ್ತದೆ, ಅಕ್ಕನ ಮಗ ಮೂರು ಸಲ ನೋಡಿದ್ದಾನೆ. ನನ್ನ ಕಣ್ಣು ಆ ಸಲ ಪಕ್ಕದ ಓಣಿಗಳ ಮೇಲಿತ್ತು. ಇರಾನಿನ ಜಾಫರ್ ಪನಾಹಿ ಅವರ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’ 2025ರ ಕಾನ್‌ನಲ್ಲಿ ಚಿನ್ನದ ಗರಿ ಗೆದ್ದಿತ್ತು. ಸಿನಿಮಾ ಮಾಡಬಾರದೆಂದು 2010ರಲ್ಲಿ 20 ವರ್ಷದ ನಿಷೇಧ ಹಾಕಿಸಿಕೊಂಡು, ಆಮೇಲೂ ಜೈಲು ಕಂಡು, ಪರವಾನಗಿಯಿಲ್ಲದೆ ತೆಗೆದ ಚಿತ್ರ. ಒಬ್ಬ ಮೆಕ್ಯಾನಿಕ್‌ಗೆ ಗಿರಾಕಿಯೊಬ್ಬನ ಕೃತಕ ಕಾಲಿನ ಕಿರುಗುಟ್ಟುವ ಸದ್ದು ಕೇಳಿ ಮೈ ನಡುಗುತ್ತದೆ. ಜೈಲಿನಲ್ಲಿ ತನಗೆ ಹಿಂಸೆ ಕೊಟ್ಟವನದೂ ಇದೇ ಸದ್ದು. ಆದರೆ ಆಗ ಕಣ್ಣಿಗೆ ಬಟ್ಟೆ ಕಟ್ಟಿದ್ದರು, ಮುಖ ಕಂಡಿಲ್ಲ. ಅವನನ್ನು ಹಿಡಿದು ವ್ಯಾನಿನಲ್ಲಿ ತುಂಬಿಕೊಂಡು, ‘ಇವನೇನಾ?’ ಎಂದು ಹಳೆಯ ಕೈದಿಗಳನ್ನೆಲ್ಲ ಕೇಳುತ್ತ ಊರು ಸುತ್ತುತ್ತಾನೆ. ಇಷ್ಟು ಭಯಂಕರ ವಿಷಯದಲ್ಲಿ ಇಷ್ಟೊಂದು ನಗು ಹೇಗೆ ಸಾಧ್ಯವಾಯಿತೋ ಗೊತ್ತಿಲ್ಲ.

‘ಐ ಆ್ಯಮ್ ಸ್ಟಿಲ್ ಹಿಯರ್’ ಇಷ್ಟಪಟ್ಟವರು ಬ್ರೆಜಿಲ್ಲಿನದೇ ‘ದ ಸೀಕ್ರೆಟ್ ಏಜೆಂಟ್’ ಹುಡುಕಿ ನೋಡಿ. ಅದೇ ಸರ್ವಾಧಿಕಾರ, 1977ರ ರೆಸಿಫೆ ನಗರ. ಪ್ರೊಜೆಕ್ಟರ್ ಓಡಿಸುವ ಮಾವ, ಹಳೆಯ ಚಿತ್ರಮಂದಿರದ ಮಹಡಿ. ಟೆಂಟು ಮತ್ತು ಟಾಕೀಸಿನ ಹುಚ್ಚು ಹಿಡಿದವರಿಗೆ ಅಷ್ಟೇ ಸಾಕು. ಆ ಸಲ ಭಾರತದ ಆಯ್ಕೆ ನೀರಜ್ ಘಯ್ವಾನ್ ಅವರ ‘ಹೋಮ್‌ಬೌಂಡ್’, 2020ರ ಲಾಕ್‌ಡೌನಿನಲ್ಲಿ ಊರಿಗೆ ಹೊರಟ ಇಬ್ಬರು ಗೆಳೆಯರದು. ಪೊಲೀಸ್ ಕೆಲಸದ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುವುದು ಎಂದರೇನು ಎಂದು ಗೊತ್ತಿರುವ ಮನೆಗಳಲ್ಲಿ ಒಟ್ಟಿಗೆ ಕೂತು ನೋಡಬೇಕಾದ್ದು.

ಕನ್ನಡದ್ದೇನಿದೆ ಎಂದು ಕೇಳುವವರಿಗೆ ಮೊದಲು ಹೇಳುವುದು ಹದಿನಾರು ನಿಮಿಷದ ಒಂದು ಚಿತ್ರ. ಡಾಕ್ಟರಿಕೆ ಓದಿದ ಚಿದಾನಂದ ನಾಯ್ಕ ಪುಣೆಯ ಎಫ್‌ಟಿಐಐ ವಿದ್ಯಾರ್ಥಿಯಾಗಿದ್ದಾಗ ನಾಲ್ಕು ದಿನದಲ್ಲಿ ತೆಗೆದದ್ದು. 2024ರ ಕಾನ್‌ನಲ್ಲಿ ವಿದ್ಯಾರ್ಥಿ ಚಿತ್ರಗಳ ವಿಭಾಗದ ಮೊದಲ ಬಹುಮಾನ ಗೆದ್ದಿತು. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಉದ್ದನೆಯ ಹೆಸರಿನ ಹಿಂದೆ ಇರುವುದು ಅಜ್ಜಿಯೊಬ್ಬಳು ಹುಂಜ ಕದ್ದು ಓಡಿಹೋಗಿ, ಊರಿಗೆ ಬೆಳಗೇ ಆಗದೆ ಹೋಗುವ ನಮ್ಮ ಜನಪದ ಕಥೆ. ಆಮೇಲೆ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’. ಬುಸಾನ್ ಉತ್ಸವದಲ್ಲಿ 2022ರಲ್ಲಿ ಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಶಕ್ತಿಪೇಯ ಮಾರುವ ಚೈನ್ ವ್ಯವಹಾರಕ್ಕೆ ಹಾಕುವ ಕೊಪ್ಪಳದ ಹೆಂಗಸೊಬ್ಬಳಿದ್ದಾಳೆ. ಮನೆ ಮನೆಗೂ ಅಂಥ ಡಬ್ಬ ಹೊತ್ತು ಬರುವ ಒಬ್ಬ ನೆಂಟರು ನಿಮಗೂ ಇರುತ್ತಾರೆ, ಅವರನ್ನೂ ಕರೆದುಕೊಂಡು ನೋಡಿ. ಸುಮಂತ್ ಭಟ್ ಅವರ ‘ಮಿಥ್ಯ’ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಮುಂಬೈಯಿಂದ ಉಡುಪಿಯ ಕಡೆಗೆ ಬರುವ ಹುಡುಗನದು. 2025ರ ಮಾರ್ಚಿನಲ್ಲಿ, ಆಸ್ಕರ್ ಸುದ್ದಿ ಆರುವ ಮೊದಲೇ ಬಂದು ಹೋಯಿತು. ನಾನು ನೋಡಿದ ಆಟದಲ್ಲಿ ಹನ್ನೊಂದು ಜನರಿದ್ದೆವು.

ಇನ್ನು ಅಮ್ಮ. ಅಮ್ಮನಿಗೆ ಎಪ್ಪತ್ತೆಂಟು, ನಮ್ಮ ಜೊತೆ ಬೆಂಗಳೂರಿನಲ್ಲಿದ್ದಾಳೆ. ಪರಭಾಷೆ ಚಿತ್ರ ಹಾಕಿದರೆ ಅವಳದು ಒಂದೇ ತಕರಾರು: “ಓದ್ಲೋ, ನೋಡ್ಲೋ?” ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅಡಿಯ ಸಾಲು ಮಾಯ. ಹೀಗೆ ಎಷ್ಟೋ ವರ್ಷದಿಂದ ನನ್ನ ಇಲಾಖೆಯ ಸೌಲಭ್ಯ ಸಿಗದೆ ಉಳಿದವಳು ಅವಳೊಬ್ಬಳೇ. ‘ಫ್ಲೋ’ ಬಂದ ಮೇಲೆ ಆ ಬಾಕಿ ತೀರಿತು. ಲಾತ್ವಿಯಾ ಎಂಬ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮಾಡಿದ ಅನಿಮೇಷನ್ ಚಿತ್ರ; ‘ಇನ್‌ಸೈಡ್ ಔಟ್ 2’, ‘ದ ವೈಲ್ಡ್ ರೋಬೋಟ್’ಗಳನ್ನು ಹಿಂದೆ ಹಾಕಿ ಆ ದೇಶಕ್ಕೆ ಮೊದಲ ಆಸ್ಕರ್ ತಂದಿತು. ಪ್ರಳಯದಂಥ ನೆರೆಯಲ್ಲಿ ಒಂದು ಕಪ್ಪು ಬೆಕ್ಕು ದೋಣಿ ಹತ್ತುತ್ತದೆ. ಜೊತೆಗೆ ಹಂದಿಯಷ್ಟು ದಪ್ಪದ ಒಂದು ಕ್ಯಾಪಿಬಾರಾ, ಕಂಡಿದ್ದೆಲ್ಲ ಬುಟ್ಟಿಗೆ ತುಂಬುವ ಒಂದು ಲೀಮರ್, ನಾಯಿ, ಉದ್ದ ಕಾಲಿನ ಒಂದು ಹಕ್ಕಿ. ಇಡೀ ಚಿತ್ರದಲ್ಲಿ ಒಂದು ಮಾತಿಲ್ಲ. ಬೆಕ್ಕು ಬೆಕ್ಕಿನ ಹಾಗೇ ಕೂಗುತ್ತದೆ, ನಾಯಿ ನಾಯಿಯ ಹಾಗೆ.

ಮಾತಿಲ್ಲ ಎಂದೆ. ನಮ್ಮ ಹಾಲಿನಲ್ಲಿ ಹಾಗಿರಲಿಲ್ಲ. ಐದನೇ ನಿಮಿಷಕ್ಕೇ ಅಮ್ಮ ಶುರು ಮಾಡಿದಳು: “ಅಲ್ಲಿಗೆ ಹೋಗ್ಬೇಡ, ನೀರು ಬಂತು, ಹತ್ತು ಹತ್ತು, ಹಾಂ!” ಲೀಮರಿಗೆ “ಸಾಮಾನು ಬಿಸಾಕೋ ಮುಂಡೇದೆ, ಜೀವ ಉಳಿಸ್ಕೋ.” ಕ್ಯಾಪಿಬಾರಾಕ್ಕೆ ‘ರಾಯರು’ ಎಂದು ಹೆಸರು ಬಿತ್ತು, ಏನಾದರೂ ಆಗಲಿ ಮಲಗುವ ಅದರ ಸ್ವಭಾವ ನೋಡಿ ಯಾವ ರಾಯರು ಎಂದು ನಾನು ಕೇಳಲಿಲ್ಲ. ಡಬ್ಬಿಂಗ್ ವಿರುದ್ಧ ಬೀದಿಗಿಳಿದವರೂ ಆ ಡಬ್ಬಿಂಗಿಗೆ ಅಡ್ಡಿ ಹೇಳುತ್ತಿರಲಿಲ್ಲ. 85 ನಿಮಿಷ ಅವಳು ಎದ್ದು ಹೋಗಲಿಲ್ಲ. ಮುಗಿದ ಮೇಲೆ ಆ ಬೆಕ್ಕು ಸಾಕಿದವರು ಎಲ್ಲಿ ಹೋದರು ಎಂದು ಕೇಳಿದಳು. ಚಿತ್ರದಲ್ಲಿ ಮನುಷ್ಯರೇ ಇಲ್ಲ, ಯಾಕಿಲ್ಲ ಎಂದೂ ಹೇಳುವುದಿಲ್ಲ.

ಮೊನ್ನೆ ಭಾನುವಾರ ಭಾವ ಮತ್ತೆ ಫೋನು ಮಾಡಿದ್ದರು, ಮೊಮ್ಮಕ್ಕಳು ಬಂದಿದ್ದಾರೆ, ಏನು ಹಾಕಲಿ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೈ ಚಾಚಿ ಫೋನು ಇಸಿದುಕೊಂಡಳು.

“ಬೆಕ್ಕಿನದು ಹಾಕಿ. ಮಾತೇ ಇಲ್ಲ, ನಿಮಗೇ ಗೊತ್ತಾಗತ್ತೆ. ದೊಡ್ಡೋನು ಸುಮ್ನೆ ನೋಡ್ತಾನೆ, ಅವನ ಯೋಚನೆ ಇಲ್ಲ. ಚಿಕ್ಕವಳು ಊಟ ಮಾಡಿದಾಳಾ? ಹಾಂ, ಮಾಡಿಸಿಯೇ ಕೂರಿಸಿ, ಆಮೇಲೆ ಎದ್ದೇಳಲ್ಲ. ಕೊನೇಲಿ ಒಂದು ದೊಡ್ಡ ಮೀನು ಬರತ್ತೆ, ನೀರಿಲ್ಲದೆ ದಡದಲ್ಲಿ ಬಿದ್ದಿರತ್ತೆ ಪಾಪ. ಅಷ್ಟು ಹೊತ್ತಿಗೆ ಅವಳನ್ನ ತೊಡೆ ಮೇಲೆ ಕೂರಿಸ್ಕೊಂಡಿರಿ.”